ಬಿಸಿಲೂರಿನವರು ಬೇಸಿಗೆಗೆ ಎಲ್ಲಿಗೆ ಹೋಗಬೇಕು?



ಏಪ್ರಿಲ್ ಬಂತೆಂದರೆ ಬಳ್ಳಾರಿಯ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಏರ್ಪಾಡು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ಎರಡು ತಿಂಗಳು ಜಾರಿಯಲ್ಲಿರುತ್ತದೆ. ಸರ್ಕಾರವೇ ಬಿಸಿಲಿಗೆ ಮಣಿದು ಆದೇಶ ಹೊರಡಿಸುವ ಊರುಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಳೆಯ ನಗೆಮಾತು ಮೇ ತಿಂಗಳಲ್ಲಿ ಯಾರಿಗೂ ನಗು ತರಿಸುವುದಿಲ್ಲ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳಿಗೆ ರಜೆ. ಮತ್ತೆ ಗಂಟೆ ಬಾರಿಸುವುದು ಮೇ ತಿಂಗಳ ಕೊನೆಗೆ. ಈ ನಡುವಿನ ಏಳು ವಾರಗಳಲ್ಲಿ ಒಂದು ರಾತ್ರಿ, ಸೆಕೆ ತಾಳದೆ ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಸಿದಾಗ, ಮನೆಮನೆಯಲ್ಲೂ ಒಂದೇ ಚರ್ಚೆ ಎದ್ದೇಳುತ್ತದೆ. ಬಳ್ಳಾರಿಯ ಕೌಲ್‌ಬಜಾರಿನಲ್ಲಾಗಲಿ, ಸಿರುಗುಪ್ಪದ ನದಿದಂಡೆಯ ಓಣಿಯಲ್ಲಾಗಲಿ, ಕುರುಗೋಡಿನ ಗುಡ್ಡದ ಬುಡದಲ್ಲಾಗಲಿ, ಮಾತು ಹೆಚ್ಚುಕಡಿಮೆ ಹೀಗೇ ಸಾಗುತ್ತದೆ.

"ಅಪ್ಪಾ, ಈ ಸಲ ಊಟಿಗೆ ಹೋಗಾನ."

"ಏನ್ರೀ, ಮಕ್ಕಳಿಗೆ ಒಂದು ಸಲನಾದ್ರೂ ಸಮುದ್ರ ತೋರಿಸ್ರಿ."

"ನನಗೆ ಊಟಿನೂ ಬ್ಯಾಡ, ಸಮುದ್ರಾನೂ ಬ್ಯಾಡಪ್ಪ. ಮಂತ್ರಾಲಯಕ್ಕ ಕರ್ಕಂಡು ಹೋಗು, ಸಾಕು."

"ಮೊದಲು ನನಗ ರಜಾ ಸಿಗಲಿ. ಆಮೇಲೆ ನೋಡಾನ."

ಚರ್ಚೆ ಅಲ್ಲಿಗೇ ನಿಂತರೆ ಆ ವರ್ಷದ ಪ್ರವಾಸವೂ ಅಲ್ಲಿಗೇ ನಿಂತಿತೆಂದು ತಿಳಿಯಬಹುದು. ರಜೆ ಸಿಗುತ್ತದೆ, ದುಡ್ಡೂ ಹೇಗೋ ಹೊಂದುತ್ತದೆ. ಆದರೆ ಅಷ್ಟರಲ್ಲಿ ರೈಲಿನಲ್ಲಿ ಜಾಗವಿರುವುದಿಲ್ಲ, ಗುಡ್ಡದೂರಿನಲ್ಲಿ ಕೊಠಡಿ ಇರುವುದಿಲ್ಲ.

ಹಿಂದಿನ ತಲೆಮಾರಿಗೆ ಈ ತಲೆನೋವು ಇರಲಿಲ್ಲ. ಬೇಸಿಗೆ ರಜೆ ಎಂದರೆ ಅಜ್ಜಿಯ ಊರು. ಗಡಿನಾಡಾದ್ದರಿಂದ ಬೀಗತನವೂ ಗಡಿ ದಾಟಿರುತ್ತದೆ: ಆದೋನಿ, ಆಲೂರು, ಗುಂತಕಲ್ಲು, ರಾಯದುರ್ಗ, ಉರವಕೊಂಡ. ಕನ್ನಡ ಮಾತಾಡುತ್ತ ಹೋದ ಮಕ್ಕಳು ತಿಂಗಳ ನಂತರ ತೆಲುಗು ಬೆರೆಸಿ ಮಾತಾಡುತ್ತ ವಾಪಸು ಬರುತ್ತಿದ್ದರು. ಬೇಸಿಗೆಯೇ ಲಗ್ನದ ಕಾಲವೂ ಆದ್ದರಿಂದ ಅರ್ಧ ರಜೆ ಮದುವೆ ಮನೆಗಳಲ್ಲಿ ಕಳೆಯುತ್ತಿತ್ತು, ಈಗಲೂ ಕಳೆಯುತ್ತದೆ. ನೆಂಟರ ಪ್ರೀತಿಗೆ ಕೊರತೆಯಿಲ್ಲ, ಆದರೆ ಬಿಸಿಲಿನ ಲೆಕ್ಕದಲ್ಲಿ ಇದು ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆಯೇ. ಬಳ್ಳಾರಿಯಲ್ಲಿ 41 ಡಿಗ್ರಿ ಇದ್ದ ದಿನ ಆದೋನಿಯಲ್ಲಿ 30 ಇರುವುದಿಲ್ಲ.

ಹಾಗಾದರೆ ಬಳ್ಳಾರಿಯ ಬಿಸಿಲಿಗೆ ಹೆದರಿ ತಂಪು ಹುಡುಕಿಕೊಂಡು ಹೊರಟವರು ಮೊದಲು ಯಾರು? ಕಾಗದಪತ್ರಗಳಲ್ಲಿ ಸಿಗುವ ಉತ್ತರ: ಸಿಪಾಯಿಗಳು. ಬಳ್ಳಾರಿ ಬ್ರಿಟಿಷರ ದೊಡ್ಡ ದಂಡಿನ ನೆಲೆ. ಕೋಟೆಯ ಗುಡ್ಡದ ಸುತ್ತ ಬೀಡುಬಿಟ್ಟಿದ್ದ ಗೋರಾ ಸೈನಿಕರು ಬೇಸಿಗೆಯಲ್ಲಿ ಜ್ವರ, ಬಿಸಿಲಬೇನೆಗಳಿಂದ ಮಲಗಿಬಿಡುತ್ತಿದ್ದರು. 19ನೇ ಶತಮಾನದ ನಡುವಿನಲ್ಲಿ ಸೇನೆಯವರು ಸಂಡೂರು ಸಂಸ್ಥಾನದೊಳಗಿನ ರಾಮನದುರ್ಗವನ್ನು ಹುಡುಕಿಕೊಂಡರು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದ, ಮೇಲೆ ಸಪಾಟಾಗಿ ಹರಡಿದ ಬೆಟ್ಟ ಅದು. ಸಂಸ್ಥಾನ ಘೋರ್ಪಡೆ ಮನೆತನದ್ದು, ಬೆಟ್ಟವೂ ಅವರದೇ. ಆದರೆ ಅದರ ಮೇಲೆ ಸೈನಿಕರ ಆರೈಕೆಯ ಬಿಡಾರ ಎದ್ದಿತು, ಸಾಲಾಗಿ ಬ್ಯಾರಕ್ಕುಗಳು ಬಂದವು, ಅಧಿಕಾರಿಗಳ ಬಂಗಲೆಗಳು ಬಂದವು. ಬಳ್ಳಾರಿಯ ಕಲೆಕ್ಟರ್ ಕಚೇರಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ದೊರೆಗಳಿಗೆ ಒಂದು ದಿನದ ಪಯಣದಲ್ಲಿ ಮಂಜು ಮುಸುಕಿದ ಬೆಳಗು ಸಿಗತೊಡಗಿತು.

ಅಂದರೆ ಬಳ್ಳಾರಿ ಜಿಲ್ಲೆಗೆ ತನ್ನದೇ ಗಿರಿಧಾಮವೊಂದು ಇತ್ತು. ಇಂದು ಅದನ್ನು ನೆನೆಸುವವರು ಇತಿಹಾಸದ ಮೇಷ್ಟರುಗಳು ಮತ್ತು ಚಾರಣಿಗರು ಮಾತ್ರ. ಬಂಗಲೆಗಳ ಗೋಡೆಗಳು ಕುಸಿದಿವೆ. ಸುತ್ತಲಿನ ಗುಡ್ಡಗಳಲ್ಲಿ ಅದಿರು ಅಗೆಯುವ ಭರಾಟೆ ಎಷ್ಟಾಯಿತೆಂದರೆ 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಒಂದು ಬೆಟ್ಟಕ್ಕೆ ಎರಡು ಬಗೆಯ ಬೆಲೆ ಇರುತ್ತದೆ, ತಂಪಿನದೊಂದು, ಅದಿರಿನದೊಂದು. ನಮ್ಮ ಕಾಲ ಎರಡನೆಯದನ್ನೇ ಆರಿಸಿಕೊಂಡಿತು. ಸಂಡೂರಿಗೆ ಈಗಲೂ ಹೋಗಬಹುದು, ಹೋಗಬೇಕು ಕೂಡ. ಆದರೆ ಬೇಸಿಗೆಯಲ್ಲಲ್ಲ. 1934ರಲ್ಲಿ ಅಲ್ಲಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ನೋಡುವುದಿದ್ದರೆ ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದ್ದರೆಂಬ ಮಾತನ್ನು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಕುಮಾರಸ್ವಾಮಿ ಗುಡಿಯ ದಾರಿ, ನಾರಿಹಳ್ಳದ ಕಣಿವೆ ಹಸಿರಾಗಿರುತ್ತವೆ. ಮೇ ತಿಂಗಳಲ್ಲಿ ಅದೇ ದಾರಿಯಲ್ಲಿ ಕೆಂಧೂಳು ಮಾತ್ರ.

ರಾಮನದುರ್ಗದ ಕಥೆಯಲ್ಲಿ ಪ್ರವಾಸ ಯೋಜಿಸುವವರಿಗೆ ಬೇಕಾದ ಒಂದು ಲೆಕ್ಕವಿದೆ. ಆ ಸೇನಾಧಿಕಾರಿಗಳು ಊರಿನ ಹೆಸರು ಕೇಳಲಿಲ್ಲ, ಫೋಟೋ ನೋಡಲಿಲ್ಲ. ಎಷ್ಟು ಅಡಿ ಎತ್ತರ ಎಂದು ಅಳೆದರು. ಸಾವಿರ ಮೀಟರ್ ಮೇಲಕ್ಕೆ ಹೋದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಇದು ಶಾಲಾ ಪುಸ್ತಕದ ಸಾಮಾನ್ಯ ಪಾಠ. ಬಳ್ಳಾರಿ ಇರುವುದು ಸುಮಾರು 480 ಮೀಟರಿನಲ್ಲಿ. ಸಿರುಗುಪ್ಪ ತುಂಗಭದ್ರೆಯ ದಂಡೆಯಲ್ಲಿ ಇನ್ನೂ ತಗ್ಗಿನಲ್ಲಿದೆ. ಬೆಂಗಳೂರು 920 ಮೀಟರ್, ಅಂದರೆ ಎತ್ತರದಿಂದ ದಕ್ಕುವ ತಂಪು ಮೂರು ಡಿಗ್ರಿಯ ಆಸುಪಾಸು. ಮಡಿಕೇರಿ 1,150ರ ಆಚೀಚೆ. ಕೆಮ್ಮಣ್ಣುಗುಂಡಿ 1,434, ಅಲ್ಲಿಗೆ ಆರು ಡಿಗ್ರಿ. ಊಟಿ 2,240 ಮೀಟರ್. ಅಲ್ಲಿ ಹನ್ನೊಂದು ಡಿಗ್ರಿಗೂ ಮೀರಿದ ವ್ಯತ್ಯಾಸ. ಕಾಡು, ಗಾಳಿ, ಮೋಡ ಇವುಗಳ ಲೆಕ್ಕ ಬೇರೆ. ಮಕ್ಕಳನ್ನೇ ಕೂರಿಸಿ ಈ ಲೆಕ್ಕ ಮಾಡಿಸಿದರೆ ಊರು ಆರಿಸುವ ಜಗಳ ಅರ್ಧ ಮುಗಿಯುತ್ತದೆ.

ಕಡಲಿನ ವಿಷಯದಲ್ಲಿ ಬಳ್ಳಾರಿಯವರು ಮೋಸ ಹೋಗುವುದು ಇಲ್ಲೇ. ಗೋವಾ, ಗೋಕರ್ಣ, ಮುರ್ಡೇಶ್ವರಗಳಲ್ಲಿ 34 ಡಿಗ್ರಿ ಎಂದು ಮೊಬೈಲು ತೋರಿಸುತ್ತದೆ. ನಮ್ಮ 41ರ ಮುಂದೆ ಅದು ತಂಪೇ ಅಲ್ಲವೇ ಎಂದು ಹೊರಡುತ್ತಾರೆ. ನಮ್ಮದು ಒಣಬಿಸಿಲು, ಬೆವರು ಬಂದಷ್ಟೇ ಬೇಗ ಆರುತ್ತದೆ, ನೆರಳಿಗೆ ಬಂದರೆ ಜೀವ ಬರುತ್ತದೆ. ಕರಾವಳಿಯ ಮೇ ತಿಂಗಳಲ್ಲಿ ಬೆವರು ಆರುವುದೇ ಇಲ್ಲ. ನೆರಳಿನಲ್ಲಿ ಕೂತರೂ ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಎರಡನೇ ದಿನಕ್ಕೆ ಅಜ್ಜಿ ಊರಿಗೆ ಹೋಗಾನ ಎನ್ನುತ್ತಾಳೆ. ಸಮುದ್ರವನ್ನು ಡಿಸೆಂಬರಿನ ರಜೆಗೆ, ಇಲ್ಲವೇ ದಸರೆಯ ನಂತರದ ದಿನಗಳಿಗೆ ಇಟ್ಟುಕೊಳ್ಳುವುದು ಜಾಣತನ. ಆಗ ಶಾಲಿಮಾರ್‌ನಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿಯಲ್ಲೇ ಹತ್ತಿಸಿಕೊಂಡು, ಹುಬ್ಬಳ್ಳಿ, ಲೋಂಡಾ ದಾಟಿ, ದೂಧ್‌ಸಾಗರದ ಪಕ್ಕದಲ್ಲೇ ಘಟ್ಟ ಇಳಿಸುತ್ತದೆ. ಆ ಜಲಪಾತವೂ ಮೇ ತಿಂಗಳಲ್ಲಿ ಸೊರಗಿರುತ್ತದೆ. ಜೋಗಕ್ಕೂ ಇದೇ ಮಾತು. ಬೇಸಿಗೆಯಲ್ಲಿ ಜೋಗಕ್ಕೆ ಹೋದವರು ಬಂಡೆ ನೋಡಿ ಬರುತ್ತಾರೆ.

ಊಟಿಗೂ ಬಳ್ಳಾರಿಗೂ ಒಂದು ಹಳೆಯ ನಂಟಿದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಆ ಸರ್ಕಾರದ ಬೇಸಿಗೆ ರಾಜಧಾನಿ ಊಟಿ. ಇಂದು ಊಟಿಗೆ ಹೋಗಬೇಕೆಂದರೆ ಎರಡು ಕಟ್ಟಳೆಗಳು ತಿಳಿದಿರಬೇಕು. ಒಂದು, ಇ-ಪಾಸ್. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಹೊರಗಿನ ಖಾಸಗಿ ವಾಹನಗಳು ಮೊದಲೇ ಆನ್‌ಲೈನಿನಲ್ಲಿ ಪಾಸು ಪಡೆಯಬೇಕಾಯಿತು. 2025ರ ಬೇಸಿಗೆಗೆ ಸಂಖ್ಯೆಯ ಮಿತಿಯೂ ಬಂತು: ನೀಲಗಿರಿಗೆ ವಾರದ ದಿನಗಳಲ್ಲಿ 6,000 ವಾಹನ, ಶನಿವಾರ ಭಾನುವಾರ 8,000. ಬಳ್ಳಾರಿಯಿಂದ ರಾತ್ರಿಯೆಲ್ಲ ಕಾರು ಓಡಿಸಿ ಗಡಿಯ ಚೆಕ್‌ಪೋಸ್ಟಿನಲ್ಲಿ ಪಾಸಿಗಾಗಿ ಮೊಬೈಲ್ ಸಿಗ್ನಲ್ ಹುಡುಕುವ ಪಾಡು ಯಾರಿಗೂ ಬೇಡ. ಎರಡನೆಯದು ಬಂಡೀಪುರ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ಕಾಡಿನ ಹೆದ್ದಾರಿ ವಾಹನಗಳಿಗೆ ಮುಚ್ಚಿರುತ್ತದೆ. ಹೊರಡುವ ಗಳಿಗೆಯನ್ನು ಈ ಗೇಟಿನಿಂದ ಹಿಂದಕ್ಕೆ ಎಣಿಸಿ ನಿಗದಿ ಮಾಡಿಕೊಳ್ಳಬೇಕು. ದಾರಿಯೇನೋ ಸುಲಭವಿದೆ. 150-ಎ ರಾಷ್ಟ್ರೀಯ ಹೆದ್ದಾರಿ ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು ಹಾದು ಮೈಸೂರು, ಚಾಮರಾಜನಗರದವರೆಗೂ ಹೋಗುತ್ತದೆ. ಸಿರುಗುಪ್ಪದಲ್ಲಿ ಮನೆ ಮುಂದೆ ಹಾದುಹೋಗುವ ರಸ್ತೆಯೇ ಚಾಮುಂಡಿ ಬೆಟ್ಟದ ಊರಿಗೆ ಮುಟ್ಟಿಸುತ್ತದೆಂಬುದು ಎಷ್ಟೋ ಮಂದಿಗೆ ಹೊಳೆದಿರುವುದಿಲ್ಲ.

ಆದರೂ ಮೇ ತಿಂಗಳ ಊಟಿ ಜನಜಂಗುಳಿಯ ಊಟಿ. ಪುಷ್ಪ ಪ್ರದರ್ಶನವೂ ಆಗಲೇ. ಹೂವಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ. ಮೂರು ವರ್ಷದ ಮಗು, ಎಪ್ಪತ್ತು ದಾಟಿದ ಹಿರಿಯರು ಇರುವ ಮನೆಗೆ ಇನ್ನೂ ಹತ್ತಿರದ, ಸದ್ದು ಕಡಿಮೆಯ ಜಾಗ ಬೇಕು. ಕೆಮ್ಮಣ್ಣುಗುಂಡಿ ಅಂಥದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ತಾಣ, ಈಗ ತೋಟಗಾರಿಕೆ ಇಲಾಖೆಯ ಉಸ್ತುವಾರಿಯಲ್ಲಿದೆ. ಚಿತ್ರದುರ್ಗ, ಹೊಸದುರ್ಗದ ಮೇಲೆ ಹೋದರೆ ಬೆಳಗಿನ ಜಾವ ಹೊರಟವರು ಮಧ್ಯಾಹ್ನಕ್ಕೆ ತಲುಪಬಹುದು. ಇಲಾಖೆಯ ವಸತಿಗೃಹದ ಕೊಠಡಿಗಳು ಕಡಿಮೆ, ಬೇಡಿಕೆ ಹೆಚ್ಚು, ಆದ್ದರಿಂದ ಇಲ್ಲೂ ಮುಂಗಡವೇ ಗತಿ. ಒಂದು ಸ್ವಾರಸ್ಯ: ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಹೋಗುತ್ತಿದ್ದುದು ಇದೇ ಬೆಟ್ಟದಿಂದ. ಅಲ್ಲಿ ಗಣಿ ನಿಂತು ಗಿರಿಧಾಮ ಉಳಿಯಿತು, ರಾಮನದುರ್ಗದ ಕಡೆ ಗಿರಿಧಾಮ ಹೋಗಿ ಗಣಿ ಬಂತು.

ಇನ್ನೊಂದು ಜಾಗ ನಮ್ಮ ಕಡೆಯ ಮಾತುಕತೆಯಲ್ಲಿ ಬರುವುದೇ ಅಪರೂಪ. ಆಂಧ್ರದ ಮದನಪಲ್ಲಿ ಹತ್ತಿರದ ಹಾರ್ಸ್ಲಿ ಹಿಲ್ಸ್. ಸುಮಾರು 1,265 ಮೀಟರ್ ಎತ್ತರ. ಕಡಪ ಜಿಲ್ಲೆಯ ಕಲೆಕ್ಟರ್ ಹಾರ್ಸ್ಲಿ ಎಂಬಾತ ಬೇಸಿಗೆಗೆಂದು ಮನೆ ಕಟ್ಟಿಕೊಂಡ ಬೆಟ್ಟ. ಅನಂತಪುರ, ಕದಿರಿ ಮಾರ್ಗವಾಗಿ ಒಂದು ಹಗಲಿನ ದಾರಿ. ದಾರಿಯುದ್ದಕ್ಕೂ ತೆಲುಗು, ಅದು ಬಳ್ಳಾರಿಯವರಿಗೆ ಪರಭಾಷೆಯೇನಲ್ಲ. ಕೆಳಗಿನ ಮದನಪಲ್ಲಿಯಲ್ಲೇ 1919ರಲ್ಲಿ ರವೀಂದ್ರನಾಥ ಠಾಕೂರರು 'ಜನಗಣಮನ'ವನ್ನು ಇಂಗ್ಲಿಷಿಗೆ ಅನುವಾದಿಸಿದ್ದು. ಶಾಲೆಯಲ್ಲಿ ದಿನವೂ ಅದನ್ನು ಹಾಡುವ ಮಕ್ಕಳಿಗೆ ತೋರಿಸಬಹುದಾದ ಊರು. ಊಟಿಯಷ್ಟು ಚಳಿ ಅಲ್ಲಿಲ್ಲ, ಊಟಿಯಷ್ಟು ಗದ್ದಲವೂ ಇಲ್ಲ.

ಕೊಡಗು, ಚಿಕ್ಕಮಗಳೂರು ಚೆನ್ನ. ಆದರೆ ತಾರೀಖು ನೋಡಿಕೊಳ್ಳಬೇಕು. ಮುಂಗಾರು ಸಾಮಾನ್ಯವಾಗಿ ಕೇರಳಕ್ಕೆ ಬರುವುದು ಜೂನ್ 1ಕ್ಕೆ. 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಶಾಲೆ ಶುರುವಾಗುವ ಮುನ್ನ ಕೊನೆಯ ವಾರದಲ್ಲಿ ಸುತ್ತಿ ಬರೋಣವೆಂದು ಕೊಡಗಿಗೂ ಕರಾವಳಿಗೂ ಹೊರಟಿದ್ದವರಿಗೆ ಆ ವಾರ ಕಂಡದ್ದು ಮಳೆ ಮತ್ತು ಹವಾಮಾನ ಇಲಾಖೆಯ ರೆಡ್ ಅಲರ್ಟ್. ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದೊಳಗಿನ ದಿನಗಳು ಮಲೆನಾಡಿಗೆ ಭದ್ರ. ನಡುವೆ ಒಂದೆರಡು ಅಡ್ಡಮಳೆ ಬಂದರೆ ಬಳ್ಳಾರಿಯವರಿಗೆ ಅದೇ ಹಬ್ಬ.

ಸಿರುಗುಪ್ಪದ ರೈತರ ಮನೆಗೆ ಈ ತಾರೀಖು ಇನ್ನೊಂದು ಕಾರಣಕ್ಕೆ ಬಿಗಿ. ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಬೇಸಿಗೆ ಭತ್ತದ ಕಟಾವು ಶಾಲಾ ರಜೆಯ ಜೊತೆಗೇ ಬರುತ್ತದೆ. ಕಟಾವು ಯಂತ್ರ ಗದ್ದೆಗೆ ಬರಬೇಕು, ಭತ್ತ ರಸ್ತೆ ಬದಿಯಲ್ಲಿ ಒಣಗಬೇಕು, ಮಿಲ್ಲಿನವರು ತೂಕ ಹಾಕಬೇಕು, ಹಣ ಕೈಗೆ ಬರಬೇಕು. ಅತ್ತ ರೋಹಿಣಿ ಮಳೆ ಬೀಳುವ ಹೊತ್ತಿಗೆ ಮತ್ತೆ ಹೊಲದಲ್ಲಿರಬೇಕು. ನಡುವೆ ಸಿಗುವುದು ಎಂಟು ಹತ್ತು ದಿನ. ನೀರು ಬಿಡದ ವರ್ಷ ಬಿಡುವೋ ಬಿಡುವು, ದುಡ್ಡು ಮಾತ್ರ ಇಲ್ಲ. ಬಳ್ಳಾರಿ ನಗರದ ಜೀನ್ಸ್ ಹೊಲಿಗೆಯವರ ಪಾಡು ಇದಕ್ಕಿಂತ ಭಿನ್ನ. ಪ್ಯಾಂಟಿಗಿಷ್ಟು ಎಂಬ ಕೂಲಿಯಲ್ಲಿ ದುಡಿಯುವವರಿಗೆ ಮೂರು ದಿನದ ಪ್ರವಾಸವೆಂದರೆ ಮೂರು ದಿನದ ಖರ್ಚು, ಜೊತೆಗೆ ಮೂರು ದಿನದ ಗಳಿಕೆಯ ಖೋತಾ. ಪ್ರವಾಸದ ಪುಟಗಳಲ್ಲಿ ಬರುವ ಐದು ರಾತ್ರಿ ಆರು ಹಗಲಿನ ಪ್ಯಾಕೇಜು ಇಂಥ ಮನೆಗಳಿಗೆ ಹೇಳಿಸಿದ್ದಲ್ಲ. ಅವರಿಗೆ ಬೇಕಾದದ್ದು ಒಂದೇ ರಾತ್ರಿ ಹೊರಗೆ ತಂಗುವ, ಬಸ್ಸಿನಲ್ಲೇ ಮುಗಿಯುವ ಪ್ರಯಾಣ.

ಬಸ್ಸಿನ ಲೆಕ್ಕ ಈಗ ಸಾಕಷ್ಟು ಹಗುರಾಗಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಟಿಕೆಟ್ ಇಲ್ಲ. ಅಜ್ಜಿ, ತಾಯಿ, ಮಗಳು ಮೂವರಿರುವ ಮನೆಯಲ್ಲಿ ಧರ್ಮಸ್ಥಳಕ್ಕೋ ಬಾದಾಮಿಗೋ ಹೋಗಿಬರುವ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆಧಾರ್ ಕಾರ್ಡ್ ಕೈಯಲ್ಲಿರಬೇಕು. ಮಂತ್ರಾಲಯ, ಶ್ರೀಶೈಲ, ತಿರುಪತಿಯಂಥ ಅಂತರರಾಜ್ಯ ದಾರಿಗೆ ಇದನ್ನು ನಂಬಿ ಹೊರಡಬಾರದು. ಐಷಾರಾಮಿ ಬಸ್ಸುಗಳಿಗೂ ಇದು ಅನ್ವಯಿಸುವುದಿಲ್ಲ.

ಹಾಗೆಂದು ಮಂತ್ರಾಲಯ ಬೇಡವೆಂದು ಈ ಕಡೆಯ ಅಜ್ಜಿಯರಿಗೆ ಹೇಳುವ ಧೈರ್ಯ ಯಾರಿಗಿದೆ? ಸಿರುಗುಪ್ಪದಿಂದ ಎರಡು ಗಂಟೆಯೊಳಗೆ ಮುಟ್ಟಬಹುದಾದ, 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದ ಕ್ಷೇತ್ರ. ಮೇ ತಿಂಗಳಲ್ಲಿ ಅಲ್ಲಿಯ ತುಂಗಭದ್ರೆ ಎಂದರೆ ಬಹುಪಾಲು ಬಂಡೆ ಮತ್ತು ಮರಳು. ಹಗಲು ಹತ್ತರ ಮೇಲೆ ಕಲ್ಲಿನ ನೆಲದ ಮೇಲೆ ಬರಿಗಾಲಿಡಲಾಗದು. ಹಿಂದಿನ ಸಂಜೆ ಹೋಗಿ, ರಾತ್ರಿ ತಂಗಿ, ಬೆಳಗಿನ ದರ್ಶನ ಮುಗಿಸಿ, ಬಿಸಿಲೇರುವ ಮುನ್ನ ಬಸ್ಸು ಹತ್ತಿದರೆ ಅಜ್ಜಿಗೂ ಸಂತೋಷ, ಮಕ್ಕಳಿಗೂ ಸುಸ್ತಿಲ್ಲ. ಇಷ್ಟೂ ದೂರ ಹೋಗಲಾರದವರಿಗೆ ಸಿರುಗುಪ್ಪದ ಬಳಿಯ ಕೆಂಚನಗುಡ್ಡದಲ್ಲೇ ನದಿಯ ಪಕ್ಕ ವಸುಧೇಂದ್ರ ತೀರ್ಥರ ಬೃಂದಾವನವಿದೆ. ತಿರುಪತಿಯಾದರೆ ಯೋಜನೆ ಚಳಿಗಾಲದಲ್ಲೇ ಶುರುವಾಗಬೇಕು. 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್‌ಗಳು ಸುಮಾರು ಮೂರು ತಿಂಗಳು ಮೊದಲೇ ಆನ್‌ಲೈನಿನಲ್ಲಿ ಬಿಡುಗಡೆಯಾಗಿ ಬೇಗನೆ ಮುಗಿಯುತ್ತವೆ. ಮೇ ತಿಂಗಳ ದರ್ಶನಕ್ಕೆ ಫೆಬ್ರುವರಿಯಲ್ಲೇ ಕಣ್ಣಿಟ್ಟಿರಬೇಕು. ಕೊಲ್ಹಾಪುರದಿಂದ ತಿರುಪತಿಗೆ ಹೋಗುವ ಹರಿಪ್ರಿಯಾ ಎಕ್ಸ್‌ಪ್ರೆಸ್ ಬಳ್ಳಾರಿಯ ಮೇಲೆಯೇ ಹಾಯುತ್ತದೆ.

ರೈಲಿನ ಮಾತು ಬಂದಿದ್ದಕ್ಕೆ ಹೇಳಬೇಕು: ಸಿರುಗುಪ್ಪಕ್ಕೂ ಕುರುಗೋಡಿಗೂ ರೈಲಿಲ್ಲ. ಈ ಎರಡೂ ತಾಲ್ಲೂಕಿನವರ ಪ್ರಯಾಣ ಬಳ್ಳಾರಿ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಆಟೋ ಹಿಡಿಯುವುದರಿಂದ ಆರಂಭ. ರಾತ್ರಿ ರೈಲಿಗೆ ಸಂಜೆಯ ಬಸ್ಸಿನಲ್ಲೇ ಬಂದು ಕಾಯುವುದು ಲೇಸು, ಕೊನೆಯ ಬಸ್ಸನ್ನು ನಂಬಬಾರದು. ಹುಬ್ಬಳ್ಳಿಯಿಂದ ಬರುವ ಹಂಪಿ ಎಕ್ಸ್‌ಪ್ರೆಸ್ಸನ್ನು ಬಳ್ಳಾರಿಯಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಮುಂದೆ ಮೈಸೂರು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಐದರಿಂದ ಹನ್ನೆರಡರವರೆಗೆ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ.

ಕುರುಗೋಡು, ಸಿರುಗುಪ್ಪದ ಬುತ್ತಿಯ ವಿಷಯದಲ್ಲಿ ಸಲಹೆ ಕೊಡಲು ಹೋದರೆ ಉದ್ಧಟತನವಾದೀತು. ಖಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಬೆಲ್ಲ, ಇವಿಷ್ಟಿದ್ದರೆ ವಾರ ಹಸಿಯುವುದಿಲ್ಲ. ಮೊಸರನ್ನ ಮಾತ್ರ ಮೊದಲ ಊಟಕ್ಕೇ ಮುಗಿಯಬೇಕು, ಈ ಸೆಕೆಗೆ ಸಂಜೆಯ ತನಕ ಇಟ್ಟರೆ ಹುಳಿಯುತ್ತದೆ. ನೀರಿನಲ್ಲಿ ಮಾತ್ರ ಉದಾಸೀನ ಕೂಡದು. ದತ್ತ ಮಂಡಲದ ಮೊದಲ ಪ್ರಧಾನ ಕಲೆಕ್ಟರಾಗಿ 1800ರಿಂದ 1807ರವರೆಗೆ ಈ ಸೀಮೆಯನ್ನೆಲ್ಲ ಡೇರೆ ಹೊತ್ತು ತಿರುಗಿದ ಥಾಮಸ್ ಮನ್ರೋ, ಮುಂದೆ ಮದರಾಸಿನ ಗವರ್ನರ್ ಆಗಿ ಕೊನೆಯ ಸಲ ಇದೇ ಸೀಮೆಯನ್ನು ನೋಡಲು ಬಂದು, 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ. ಗವರ್ನರನಿಗೂ ದಾರಿಯ ರೋಗ ರಿಯಾಯಿತಿ ತೋರಲಿಲ್ಲ. ಕುದಿಸಿ ಆರಿಸಿದ ನೀರು, ಒಂದೆರಡು ಓಆರ್‌ಎಸ್ ಪೊಟ್ಟಣ, ಹಿರಿಯರ ಬಿಪಿ ಮಾತ್ರೆಯನ್ನು ಎರಡು ದಿನದಷ್ಟು ಹೆಚ್ಚಿಗೆ, ಇವು ಚೀಲದಲ್ಲಿ ಮೇಲೆಯೇ ಇರಲಿ.

ಎಲ್ಲಿಗೂ ಹೋಗಲಾಗದ ವರ್ಷವೂ ಬರುತ್ತದೆ. ಆಗ ಗಡಿಯಾರವನ್ನು ತಿರುಗಿಸಿಕೊಳ್ಳುವುದೊಂದೇ ಉಪಾಯ, ಸರ್ಕಾರಿ ಕಚೇರಿಗಳು ಮಾಡುವ ಹಾಗೆ. ಬೆಳಿಗ್ಗೆ ಐದೂವರೆಗೆ ಹಂಪಿಯಲ್ಲಿದ್ದರೆ ಮಾತಂಗ ಪರ್ವತದ ಮೇಲೆ ಸೂರ್ಯೋದಯ. ಹತ್ತಾದ ಮೇಲೆ ಅಲ್ಲಿಯ ಬಂಡೆಗಳೇ ಬಿಸಿ ಉಗುಳತೊಡಗುತ್ತವೆ, ಅಷ್ಟರಲ್ಲಿ ವಾಪಸು ಹೊರಟಿರಬೇಕು. 15 ವರ್ಷದೊಳಗಿನ ಮಕ್ಕಳಿಗೆ ವಿಜಯವಿಠ್ಠಲ ಗುಡಿಗೆ ಟಿಕೆಟ್ ಇಲ್ಲ. ಸಂಜೆಗೆ ದರೋಜಿ. 1994ರಲ್ಲಿ ಘೋಷಣೆಯಾದ ಕರಡಿಧಾಮ. ಮಧ್ಯಾಹ್ನ ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಿಸಿಲಿಳಿಯುತ್ತಲೇ ಕರಡಿ ಒಂದೊಂದಾಗಿ ಗುಹೆಯಿಂದ ಇಳಿದು ಬರುತ್ತದೆ, ಕೆಲವೊಮ್ಮೆ ಬೆನ್ನ ಮೇಲೆ ಮರಿ ಹೊತ್ತ ತಾಯಿ. ವೀಕ್ಷಣಾ ಗೋಪುರದಲ್ಲಿ ಸದ್ದು ಮಾಡದೆ ಕೂರಲು ಮಕ್ಕಳಿಗೆ ಒಂದು ಗಂಟೆಯ ತಾಳ್ಮೆ ಬೇಕು. ದುರ್ಬೀನಿದ್ದರೆ ಒಳ್ಳೆಯದು. ಕುರುಗೋಡಿನವರಿಗಂತೂ ಅದು ಪಕ್ಕದ ಊರಿದ್ದ ಹಾಗೆ. ಅವರೂರಿನಲ್ಲೇ ಇರುವ, ಸುಮಾರು ಹನ್ನೆರಡು ಅಡಿಯ ಏಕಶಿಲೆಯ ದೊಡ್ಡಬಸವೇಶ್ವರನನ್ನು ನೋಡಲು ಬಳ್ಳಾರಿಯವರು ಬೆಳಿಗ್ಗೆ ಹೋಗಿ ತಿಂಡಿಯ ಹೊತ್ತಿಗೆ ಮನೆಗೆ ಬರಬಹುದು.

ಬಳ್ಳಾರಿ ನಗರದೊಳಗೇ ನಡುಹಗಲಿನಲ್ಲೂ ಹೋಗಬಹುದಾದ ಜಾಗವೊಂದಿದೆ: ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ. ಊರಿನ ಅಂಚಿನ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲುಕೊಡಲಿ ತಯಾರಿಸುತ್ತಿದ್ದರು. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆಯೂ ಮನುಷ್ಯರು ಇದೇ ಬಿಸಿಲಿನಲ್ಲಿ ಬದುಕಿದ್ದರು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ತುಂಗಭದ್ರಾ ಅಣೆಕಟ್ಟೆಗೆ ನೀರು ನೋಡಲೆಂದು ಮೇ ತಿಂಗಳಲ್ಲಿ ಹೋಗುವುದು ವ್ಯರ್ಥ, ನೀರು ತಳ ಸೇರಿರುತ್ತದೆ. ಮಳೆಗಾಲದಲ್ಲಿ 33 ಗೇಟುಗಳ ಆ ಕಟ್ಟೆಯನ್ನು ನೋಡಬೇಕು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ನದಿಪಾತ್ರದ ಜನ ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದು ಆ ಜನಕ್ಕೇ ಗೊತ್ತು. ಬೇಸಿಗೆಯಲ್ಲಿ ನದಿ ಇಳಿದಿದೆ ಎಂದು ಈಜಲು ಇಳಿಯುವುದು ಇನ್ನೂ ಅಪಾಯ. ಬಂಡೆಗಳ ನಡುವಿನ ಮಡುವು, ಸುಳಿ ಮೇಲಿಂದ ಕಾಣುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸಣಾಪುರದ ಬಳಿ ಬಂಡೆಯಿಂದ ನದಿಗೆ ಜಿಗಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಮತ್ತೆ ಮೇಲೆ ಬರಲಿಲ್ಲ. ಈಜು ಬಲ್ಲವರಾಗಿದ್ದರೂ ನದಿಯ ಎದುರು ಅದು ಸಾಲಲಿಲ್ಲ. ತೆಪ್ಪದಲ್ಲಿ ಕೂತರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಕೊಡದಿದ್ದರೆ ಇಳಿದುಬನ್ನಿ.

ಮಾಳಿಗೆಯ ಮೇಲಿನ ಆ ಚರ್ಚೆಯನ್ನು ಮೇ ತಿಂಗಳ ತನಕ ಮುಂದೂಡುವುದರಲ್ಲೇ ಎಲ್ಲ ತೊಂದರೆಯ ಬೇರಿದೆ. ಯುಗಾದಿಯ ಬೇವು ಬೆಲ್ಲ ಹಂಚುವುದಕ್ಕೂ ಮೊದಲೇ ಅದು ಮುಗಿದಿರಬೇಕು: ಯಾರು ಬರುತ್ತಾರೆ, ಅವರಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು, ಎಷ್ಟು ಎತ್ತರದ ಊರು, ಯಾವ ತಾರೀಖು. ರೈಲ್ವೆಯವರು ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಮೇ 10ಕ್ಕೆ ಹೊರಡುವವರು ಮಾರ್ಚ್ 11ರ ಬೆಳಿಗ್ಗೆ 8 ಗಂಟೆಗೆ ಟಿಕೆಟ್ ಕೌಂಟರಿನ ಮುಂದೆಯೋ ಮೊಬೈಲಿನ ಮುಂದೆಯೋ ಕೂತಿರಲಿ. ಹಿಂತಿರುಗುವ ಟಿಕೆಟ್ಟಿನ ದಿನವನ್ನೂ ಕ್ಯಾಲೆಂಡರಿನಲ್ಲಿ ಆವತ್ತೇ ಗುರುತು ಹಾಕಿಡಿ, ಎಷ್ಟೋ ಮನೆಯವರು ಮರೆಯುವುದು ಅದನ್ನೇ.